ಬೇಕರಿ ಕವರಿನ ಬನ್ನು

ಮೊದಲನೇ ಮಹಡಿಯ ಬಾಡಿಗೆಯವರು ಮನೆ ಖಾಲಿ ಮಾಡುವಾಗ ಒಂದು ಓವನ್ ಬಿಟ್ಟುಹೋದರು. ಗಂಡ ಹೆಂಡತಿ ಇಬ್ಬರೇ ಇದ್ದ ಸಂಸಾರ. ಬಿಟಿಎಂ ಲೇಔಟಿನಲ್ಲಿ, ಆಫೀಸಿಗೆ ಹತ್ತಿರವೆಂದು, ಬೇರೆ ಚಿಕ್ಕ ಮನೆ ಹಿಡಿದಿದ್ದರು. ಸಾಮಾನೆಲ್ಲ ಗಾಡಿಗೆ ಏರಿದ ಮೇಲೆ ಆ ಹುಡುಗಿ ನನ್ನನ್ನು ಕರೆದು, "ಅಕ್ಕ, ಅಲ್ಲಿ ಇದನ್ನ ಇಡೋಕೆ ಜಾಗ ಇಲ್ಲ. ನೀವೇ ಇಟ್ಕೊಳ್ಳಿ. ಸಖತ್ತಾಗಿ ಬ್ರೆಡ್ ಆಗುತ್ತೆ ಇದ್ರಲ್ಲಿ" ಎಂದಳು. ಜೊತೆಗೆ ಅರ್ಧ ಖಾಲಿಯಾಗಿದ್ದ ಈಸ್ಟ್ ಡಬ್ಬಿಯನ್ನೂ ಕೈಗಿಟ್ಟಳು.

"ಮಾಡೋದು ಕಷ್ಟಾನಾ?" ಎಂದು ಕೇಳಿದೆ.

"ಮಾಡೋದೇನಿಲ್ಲ ಅಕ್ಕ, ಕಾಯೋದೇ ಕಷ್ಟ" ಎಂದು ನಕ್ಕು ಗಾಡಿ ಹತ್ತಿದಳು.

ನಮ್ಮ ಮನೆ ಇರುವುದು ಸುಬ್ರಹ್ಮಣ್ಯಪುರದಲ್ಲಿ. ಒಂದು ಕಾಲಕ್ಕೆ ನನ್ನ ಗಂಡನ ಮನೆಯವರು ಕನಕಾಂಬರವನ್ನೂ ಸೊಪ್ಪನ್ನೂ ಬೆಳೆಯುತ್ತಿದ್ದ ತೋಟದ ಒಂದು ತುಂಡಿನ ಮೇಲೆ ಈಗ ಮೂರಂತಸ್ತಿನ ಕಟ್ಟಡ ನಿಂತಿದೆ. ನೆಲಮಹಡಿಯಲ್ಲಿ ಅತ್ತೆ, ಮಧ್ಯದಲ್ಲಿ ಬಾಡಿಗೆಯವರು, ಮೇಲೆ ನಾನು, ನನ್ನ ಗಂಡ ಮತ್ತು ಹನ್ನೊಂದು ವರ್ಷದ ಮಗಳು. ಗಂಡನಿಗೆ ಉತ್ತರಹಳ್ಳಿ ರಸ್ತೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ನಾನು ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ಬೆಳಗ್ಗೆ ಆರಕ್ಕೆ ಶುರುವಾದರೆ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತದೆ. ಹಾಗಾಗಿ ಮಗಳು ಶಾಲೆಯಿಂದ ಬರುವ ತನಕ ಮನೆಯಲ್ಲಿ ನಾನೊಬ್ಬಳೇ.

ನಮ್ಮದು ಪ್ರೀತಿಸಿ ಆದ ಮದುವೆ. ರಕ್ತ ಕೊಡಲು ಬಂದು, ಸೂಜಿ ನೋಡಿದ ಕೂಡಲೇ ಕುರ್ಚಿಯಿಂದ ಜಾರಿದ ಮನುಷ್ಯನ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದವಳು ನಾನು. ಎದ್ದುಹೋದವರು ಮುಂದಿನ ತಿಂಗಳು ಯಾವ ಕಾಯಿಲೆಯೂ ಇಲ್ಲದೆ ಇನ್ನೊಂದು ಟೆಸ್ಟಿಗೆ ಬಂದರು. ಅವರದು ಈ ಊರಿನ ಹಳೇ ಒಕ್ಕಲು ಮನೆತನ. ನಾನು ಯಡಿಯೂರಿನ ಕಡೆಯ ಒಂದು ವಠಾರದಲ್ಲಿ ಬೆಳೆದವಳು. ಅಪ್ಪ ಬೀದಿಗೆ ನೀರು ಬಿಡುವ ವಾಲ್ವ್ ತಿರುಗಿಸುವ ಕೆಲಸದಲ್ಲಿದ್ದರು, ಅಮ್ಮ ಆಸ್ಪತ್ರೆಯಲ್ಲಿ ಆಯಾ. ನಮ್ಮ ತಾತನ ಕಾಲಕ್ಕೆ ನಮ್ಮವರನ್ನು ಊರ ಹೊರಗಿನ ಕೇರಿಯಲ್ಲಿ ಇಟ್ಟಿದ್ದರು. ಅಪ್ಪನ ಕಾಲಕ್ಕೆ ಬೌದ್ಧರಾದೆವು. ನಮ್ಮ ಮದುವೆಗೆ ಅತ್ತೆ ಬರಲಿಲ್ಲ. ಮಗಳು ಹುಟ್ಟಿದ ಮೇಲೆ, "ಮಗೀನ ಕರ್ಕೊಂಡ್ ಬಾ" ಎಂದು ಮಗನಿಗೆ ಹೇಳಿ ಕಳಿಸಿದರು. ನಾವು ಮೇಲಿನ ಮನೆಗೆ ಬಂದೆವು.

ಅತ್ತೆ ನನ್ನನ್ನು ಒಂದು ದಿನವೂ ಬೈದವರಲ್ಲ. ಮೋಟರ್ ಹಾಕಿದ್ದೀಯಾ, ಗ್ಯಾಸ್ ಬಂತಾ, ಮಗುವಿಗೆ ಸ್ವೆಟರ್ ಹಾಕು ಎಂದು ಚೆನ್ನಾಗಿಯೇ ಮಾತಾಡುತ್ತಿದ್ದರು. ಆದರೆ ನಾನು ಮಾಡಿದ್ದನ್ನು ತಿನ್ನುತ್ತಿರಲಿಲ್ಲ. ತಿನ್ನುವುದಿಲ್ಲ ಎಂದು ಹೇಳುತ್ತಲೂ ಇರಲಿಲ್ಲ. "ಈಗ್ತಾನೆ ಊಟ ಆಯ್ತು", "ಹೊಟ್ಟೆ ಯಾಕೋ ಸರಿಯಿಲ್ಲ", "ಇವತ್ತು ಸೋಮವಾರ". ಹೀಗೆ ವಾರದ ಏಳೂ ದಿನಗಳನ್ನು ಅವರು ಒಂದಲ್ಲ ಒಂದು ಸಲ ಬಳಸಿದ್ದರು. ಒಂದೆರಡು ವರ್ಷ ಕಳಿಸಿ ನೋಡಿದೆ. ಮುಚ್ಚಳ ತೆರೆಯದ ಡಬ್ಬಿ ಹಾಗೇ ಮೇಲೆ ಬಂದಾಗ ಗಂಡ ಅದನ್ನು ಮಾತಿಲ್ಲದೆ ಫ್ರಿಜ್ಜಿಗೆ ಇಡುತ್ತಿದ್ದರು. ಆಮೇಲೆ ಕಳಿಸುವುದನ್ನು ಬಿಟ್ಟೆ.

ಓವನ್ ಬಂದ ಮೊದಲ ವಾರವೇ ಫೋನಿನಲ್ಲಿ ವಿಡಿಯೊ ನೋಡಿಕೊಂಡು ಬ್ರೆಡ್ ಮಾಡಲು ನಿಂತೆ. ಬೆಚ್ಚಗಿನ ಹಾಲಿಗೆ ಈಸ್ಟ್ ಹಾಕಿ ಎಂದಿದ್ದರು. ನಾನು ಆಗ ತಾನೇ ಉಕ್ಕಿದ ಹಾಲಿಗೆ ಸುರಿದೆ. ದಿನವೂ ಮೈಕ್ರೋಸ್ಕೋಪಿನಲ್ಲಿ ಜೀವಕಣಗಳನ್ನು ನೋಡುವ ನನಗೆ ಈಸ್ಟ್ ಕೂಡ ಜೀವ ಇರುವ ಪದಾರ್ಥ ಎಂಬುದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಎಲ್ಲವನ್ನೂ ಒಂದೇ ಏಟಿಗೆ ಕೊಂದು, ಉಬ್ಬದ ಹಿಟ್ಟನ್ನು ಸಂಜೆಯವರೆಗೆ ಕಾದು, ಕೊನೆಗೆ ಬೇಯಿಸಿದೆ. ಮಗಳು ಅದನ್ನು ಟೇಬಲ್ಲಿಗೆ ಕುಟ್ಟಿ ಸದ್ದು ಕೇಳಿಸಿಕೊಂಡಳು.

ಎರಡನೇ ಸಲ ಹಾಲನ್ನು ಬೆರಳಿಗೆ ಹಿತವಾಗುವಷ್ಟೇ ಬೆಚ್ಚಗೆ ಮಾಡಿದೆ. ಈಸ್ಟ್ ನೊರೆ ನೊರೆಯಾಗಿ ಮೇಲೆ ಬಂದಿತು. ಆದರೆ ಹಿಟ್ಟು ಕೈಗೆಲ್ಲ ಅಂಟಿಕೊಂಡಿತು. ಅಂಟಿದಾಗೆಲ್ಲ ಒಂದು ಹಿಡಿ ಮೈದಾ ಉದುರಿಸಿದೆ, ಮತ್ತೆ ಅಂಟಿತು, ಮತ್ತೆ ಉದುರಿಸಿದೆ. ಬೆಂದಾಗ ಗಟ್ಟಿಯಾಯಿತು. ಗಂಡ ಚಟ್ನಿ ಹಚ್ಚಿಕೊಂಡು ಎರಡು ತಿಂದರು. "ರಸ್ಕ್ ಅಂದ್ಕೊಂಡ್ರೆ ಚೆನ್ನಾಗೇ ಇದೆ" ಎಂದರು.

ಮೂರನೇ ಸಲದ್ದನ್ನು ತಿನ್ನಲು ನನ್ನ ಅಮ್ಮ ಬಂದಿದ್ದರು. ಆಸ್ಪತ್ರೆಯಿಂದ ರಿಟೈರ್ ಆದ ಮೇಲೆ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬರುತ್ತಾರೆ. ಗೇಟು ದಾಟಿ, ಅತ್ತೆ ಎದುರಾದರೆ ಕೈಮುಗಿದು, ಹೊರಗಿನ ಮೆಟ್ಟಿಲಲ್ಲಿ ಸೀದಾ ಮೇಲೆ ಬರುತ್ತಾರೆ. ಅವರು ಬನ್ನನ್ನು ಎರಡು ಹೋಳು ಮಾಡಿದಾಗ ಒಳಗೆ ಹಸಿ ಹಿಟ್ಟು ಕಂಡಿತು.

"ಆತುರ ಮಾಡಿದ್ದೀಯ" ಎಂದರು ಅಮ್ಮ. "ನೀನ್ ಚಿಕ್ಕವಳಿದ್ದಾಗ ನಾನು ತರೋ ಬ್ರೆಡ್ಡಿಗೂ ಹಿಂಗೇ ಆತುರದಲ್ಲಿ ಕಾಯ್ತಿದ್ಯಲ್ಲ, ವಠಾರದ ಗೇಟ್ ಹತ್ರ ನಿಂತ್ಕೊಂಡು."

ಅದು ನಿಜ. ರೋಗಿಗಳಿಗೆ ಹಂಚಿ ಉಳಿದ ಬ್ರೆಡ್ಡಿನ ಪೊಟ್ಟಣವನ್ನು ಅಡುಗೆಮನೆಯವರು ಆಯಾಗಳಿಗೆ ಕೊಡುತ್ತಿದ್ದರು. ಅಮ್ಮ ಅದನ್ನು ಬ್ಯಾಗಿನ ಮೇಲ್ಭಾಗದಲ್ಲಿ, ಅಪ್ಪಚ್ಚಿಯಾಗದ ಹಾಗೆ, ಇಟ್ಟುಕೊಂಡು ಬರುತ್ತಿದ್ದರು. ಬಿಸಿ ಹಾಲು, ಮೇಲೆ ಒಂದು ಚಮಚ ಸಕ್ಕರೆ. ಶಾಲೆಯಲ್ಲಿ ನಾನು ಅದನ್ನು ಹೇಳಿಕೊಂಡಾಗ ಪಕ್ಕದ ಹುಡುಗಿ, "ಬ್ರೆಡ್ ಜ್ವರ ಬಂದವ್ರು ತಿನ್ನೋದು ಅಲ್ವಾ, ನಿಂಗ್ ದಿನಾ ಜ್ವರಾನಾ?" ಎಂದಿದ್ದಳು. ನನಗೆ ಅದರಿಂದ ಬೇಸರವೇನೂ ಆಗಿರಲಿಲ್ಲ. ಜ್ವರ ಬರದೇ ಬ್ರೆಡ್ ತಿನ್ನುವ ಅದೃಷ್ಟ ನನಗೊಬ್ಬಳಿಗೇ ಇದೆ ಅಂದುಕೊಂಡಿದ್ದೆ.

ನಾಲ್ಕನೇ ಸಲದ್ದು ಬಾಯಿಗಿಡುವಂತೆ ಇತ್ತು. ಐದು, ಆರನೆಯದಕ್ಕೆ ಬನ್ನುಗಳು ತಟ್ಟೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು, ಕಂದು ಬಣ್ಣಕ್ಕೆ ತಿರುಗಿ, ಬಿಡಿಸಿದರೆ ನಡುವೆ ಹತ್ತಿಯ ಎಳೆಗಳಂತೆ ಬರತೊಡಗಿದವು. ಮೇಲೆ ಬೆಣ್ಣೆ ಸವರಿ ಒದ್ದೆ ಬಟ್ಟೆ ಮುಚ್ಚಿದರೆ ಸಿಪ್ಪೆ ಮೆತ್ತಗಾಗುತ್ತದೆ ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ.

ಅದೇ ಹೊತ್ತಿಗೆ ಅತ್ತೆಯ ಹಲ್ಲುಗಳ ಕಥೆ ಶುರುವಾಯಿತು. ಎಷ್ಟೋ ದಿನದಿಂದ ಅಲ್ಲಾಡುತ್ತಿದ್ದ ಹಲ್ಲುಗಳನ್ನು ಬನಶಂಕರಿಯ ಡಾಕ್ಟರು ನಾಲ್ಕು ಸಲಕ್ಕೆ ತೆಗೆದುಹಾಕಿದರು. ಒಸಡು ಮಾಗಿದ ಮೇಲೆಯೇ ಹಲ್ಲಿನ ಸೆಟ್ಟು, ಅಲ್ಲಿಯವರೆಗೆ ಮೆತ್ತಗಿನದ್ದು, ಖಾರ ಬೇಡ, ತುಂಬ ಬಿಸಿ ಬೇಡ ಎಂದರು. ಖಾರವಿಲ್ಲದ ಮುದ್ದೆ ಊಟ ಅತ್ತೆಗೆ ಊಟವೇ ಅಲ್ಲ. ಗಂಜಿ ಕಂಡರೆ ಮುಖ ತಿರುಗಿಸುತ್ತಿದ್ದರು. ಅವರಿಗೆ ಹಿಡಿಸುತ್ತಿದ್ದುದು ಒಂದೇ, ತಿರುವಿನ ಬೇಕರಿಯ ಬನ್ನನ್ನು ಕಾಫಿಯಲ್ಲಿ ಅದ್ದಿಕೊಂಡು ತಿನ್ನುವುದು. ಆ ಬೇಕರಿಯಲ್ಲಿ ಹಿಟ್ಟು ಕಲಸುವವರು ಯಾರು, ಎಲ್ಲಿಯವರು ಎಂದು ಅವರು ಎಂದೂ ಕೇಳಿದ್ದಿಲ್ಲ. ಯಾರೂ ಕೇಳುವುದಿಲ್ಲ. ಇದನ್ನು ಯೋಚಿಸಿ ನಾನು ಎಷ್ಟೋ ಸಲ ಒಳಗೊಳಗೇ ನಕ್ಕಿದ್ದೇನೆ, ಕೆಲವು ಸಲ ನಗು ಬಂದಿಲ್ಲ.

ಹಲ್ಲು ತೆಗೆಸಿದ ಮೂರನೇ ವಾರ ಆ ಬೇಕರಿ ಇದ್ದ ಹಳೇ ಕಟ್ಟಡವನ್ನು ಹೊಸದು ಕಟ್ಟಲೆಂದು ಒಡೆದರು. ಬೇರೆ ಅಂಗಡಿಯ ಬನ್ನು ಅತ್ತೆಗೆ ಹುಳಿ, ಇನ್ನೊಂದು ಅಂಗಡಿಯದು ನಾರು. ಎರಡು ದಿನ ಅರ್ಧ ಲೋಟ ಗಂಜಿಯಲ್ಲೇ ಕಳೆದರು ಎಂದು ಗಂಡ ಹೇಳಿದರು.

ಮೂರನೇ ದಿನ ಸಂಜೆ ನನ್ನ ಮಗಳು ಕೈಯಲ್ಲಿ ಬನ್ನು ಹಿಡಿದು ತಿನ್ನುತ್ತಾ ಕೆಳಗಿಳಿದಳು. ಸ್ವಲ್ಪ ಹೊತ್ತಿಗೆ ಓಡಿ ಮೇಲೆ ಬಂದು, "ಅಮ್ಮಾ, ಇನ್ನೆರಡು ಕೊಡು. ಅಜ್ಜಿಗೆ ಬೇಕಂತೆ. ತುಂಬಾ ಮೆತ್ತಗಿದೆ ಅಂತಿದ್ದಾರೆ" ಎಂದಳು.

ನನಗೆ ನಂಬಲಾಗಲಿಲ್ಲ. "ಅಜ್ಜಿ ತಿಂದ್ರಾ?"

"ಹೂಂ. ಎಲ್ಲಿ ತಂದೆ ಅಂತ ಕೇಳಿದ್ರು. ಅಂಗಡೀದು ಅಂದೆ."

"ಹಂಗ್ಯಾಕೆ ಹೇಳ್ದೆ?"

ಅವಳು ನನ್ನನ್ನು ನೋಡಿದಳು, ಇಷ್ಟೂ ಗೊತ್ತಿಲ್ಲವಾ ಎನ್ನುವಂತೆ. "ನೀನು ಮಾಡಿದ್ದು ಅಂದ್ರೆ ಅಜ್ಜಿ ತಿನ್ನಲ್ವಲ್ಲಮ್ಮಾ."

ಆ ಮಾತನ್ನು ಅವಳಿಗೆ ನಾನಾಗಲಿ ಅವಳ ಅಪ್ಪನಾಗಲಿ ಹೇಳಿಕೊಟ್ಟಿರಲಿಲ್ಲ. ಮನೆಯ ಸ್ವಿಚ್ಚುಗಳಲ್ಲಿ ಯಾವುದು ಯಾವ ಲೈಟಿನದು ಎಂದು ಮಕ್ಕಳು ತಾವೇ ತಿಳಿದುಕೊಳ್ಳುವಂತೆ ಇದನ್ನೂ ತಿಳಿದುಕೊಂಡಿದ್ದಳು. ನಾನು ಒಳಗೆ ಹೋದೆ. ಅಡುಗೆಮನೆಯ ಡ್ರಾಯರಿನಲ್ಲಿ ಆ ಬೇಕರಿಯ ಹಳೇ ಕವರುಗಳು ಮಡಿಸಿಟ್ಟಿದ್ದವು. ಒಂದು ಕವರ್ ತೆಗೆದು ಎರಡು ಬನ್ನು ಹಾಕಿ ಮಗಳ ಕೈಗೆ ಕೊಟ್ಟೆ.

ಹೀಗೇ ಎರಡು ವಾರ ನಡೆಯಿತು. ಕೆಲಸದಿಂದ ಬಂದ ಕೂಡಲೇ ಹಿಟ್ಟು ಕಲಸುವುದು, ಸಂಜೆ ನಾಲ್ಕೂವರೆಗೆ ಬನ್ನು ಇಳಿಸುವುದು, ಸ್ವಲ್ಪ ಆರಿಸಿ ಕವರಿಗೆ ಹಾಕಿ ಕಳಿಸುವುದು. ಡಿಸೆಂಬರ್ ಚಳಿಗೆ ಹಿಟ್ಟು ಬೇಗ ಉಬ್ಬುತ್ತಿರಲಿಲ್ಲ, ಪಾತ್ರೆಯನ್ನು ಟೆರೇಸಿನ ಬಿಸಿಲಲ್ಲಿ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ ಇಡುತ್ತಿದ್ದೆ. ಅತ್ತೆಯ ತೂಕ ಇಳಿಯುವುದು ನಿಂತಿತು. "ಅಮ್ಮ ಇವತ್ತು ಮೂರು ತಿಂದ್ರಂತೆ" ಎಂದು ಗಂಡ ಬಂದು ಹೇಳಿದರೆ, ಆ ಖುಷಿ ನನ್ನ ಮುಖದಲ್ಲಿ ಕಾಣುತ್ತಿತ್ತಂತೆ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಹೊಟ್ಟೆಗೆ ನನ್ನ ಕೈಯದ್ದು ಏನೋ ಹೋಗುತ್ತಿತ್ತು. ಅದು ಬೇಕರಿಯ ಹೆಸರಿನಲ್ಲಿ ಹೋಗುತ್ತಿದೆ ಎಂಬುದನ್ನು ನಾನು ಆದಷ್ಟು ಯೋಚಿಸದೆ ಇದ್ದೆ.

ಒಂದು ಸಂಜೆ ಮಗಳು ಡ್ರಾಯರ್ ತಡಕಾಡುತ್ತಾ, "ಅಮ್ಮಾ, ಕವರ್ ಎಲ್ಲಾ ಹರ್ದೋಗಿದೆ. ಇನ್ನೊಂದು ಎಲ್ಲಾದ್ರೂ ಇದ್ಯಾ? ಇಲ್ದಿದ್ರೆ ಗೊತ್ತಾಗೋಗುತ್ತೆ" ಎಂದಳು. ಅವಳ ದನಿಯಲ್ಲಿ ಗಾಬರಿ ಇತ್ತು. ನನ್ನನ್ನು ಕಾಪಾಡಲು ಹೊರಟಿದ್ದಳು ಪಾಪ. ಅವಳನ್ನು ನೋಡುತ್ತಿದ್ದಂತೆ ನನಗೆ ನನ್ನ ಮೇಲೇ ಅಸಹ್ಯವಾಯಿತು. ತಾಯಿಯ ಕೈಯನ್ನು ಬಚ್ಚಿಡುವುದು ಹೇಗೆಂದು ನನ್ನ ಮಗಳಿಗೆ ನಾನೇ ದಿನವೂ ಪಾಠ ಮಾಡುತ್ತಿದ್ದೆ.

ಸ್ಟೀಲ್ ತಟ್ಟೆಯಲ್ಲಿ ಮೂರು ಬನ್ನು ಇಟ್ಟುಕೊಂಡು ನಾನೇ ಕೆಳಗಿಳಿದೆ.

ಅತ್ತೆ ಹಜಾರದ ಮಂಚದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ತಟ್ಟೆಯನ್ನು ಅವರ ಪಕ್ಕದಲ್ಲಿಟ್ಟೆ.

"ಅತ್ತೆ, ಒಂದ್ ವಿಷ್ಯ ಹೇಳ್ಬೇಕಿತ್ತು. ಈ ಬನ್ನು ಅಂಗಡೀದಲ್ಲ. ಇಷ್ಟ್ ದಿನಾನೂ ಅಂಗಡೀದಲ್ಲ. ನಾನು ಮಾಡಿದ್ದು."

ಅವರ ಬೆರಳು ನಿಲ್ಲಲಿಲ್ಲ. ಒಂದು ಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು.

"ಗೊತ್ತು ಕಣಮ್ಮ" ಎಂದರು.

ನಾನು ನಿಂತೇ ಇದ್ದೆ.

"ಬೇಕರಿ ಒಡ್ದು ಎಷ್ಟ್ ದಿನ ಆಯ್ತು? ಮಧ್ಯಾಹ್ನ ಆದ್ರೆ ಮೇಲಿಂದ ಘಮ್ಮಂತ ವಾಸ್ನೆ ಬರುತ್ತೆ. ಸಂಜೆ ಬಿಸಿ ಬನ್ನು ಕೆಳಗ್ ಬರುತ್ತೆ. ನಂಗೆ ಹಲ್ಲಿಲ್ಲ ಅಷ್ಟೇ, ಮೂಗೂ ಇಲ್ವಾ?"

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ನೀನ್ಯಾಕ್ ಹೇಳ್ಲಿಲ್ಲ?"

ಅಲ್ಲಿಯವರೆಗೂ ತಪ್ಪೊಪ್ಪಿಕೊಳ್ಳಲು ಬಂದವಳಂತೆ ನಿಂತಿದ್ದ ನನಗೆ ಎಲ್ಲಿತ್ತೋ ಸಿಟ್ಟು ಬಂದುಬಿಟ್ಟಿತು. "ನಾನು ಮಾಡಿದ್ದು ಅಂತ ಕೊಟ್ಟಿದ್ರೆ ತಿಂತಿದ್ರಾ ಅತ್ತೆ?"

ಆಗ ಅವರ ಬೆರಳು ನಿಂತಿತು. ನಾನು ಮೇಲೆ ಬಂದುಬಿಟ್ಟೆ.

ಮಾರನೇ ದಿನದಿಂದ ಓವನ್ ಹಚ್ಚಲಿಲ್ಲ. ಎರಡು ದಿನ ಕಳೆದ ಮೇಲೆ ಗಂಡ, "ಅಮ್ಮಂಗೆ ವಯಸ್ಸಾಯ್ತು, ಬಿಟ್ಬಿಡು" ಎಂದರು. "ನಾನ್ ಈ ಮನೇಗೆ ಬಂದಾಗ್ಲೂ ಅವ್ರಿಗೆ ವಯಸ್ಸಾಗಿತ್ತಾ?" ಎಂದು ಕೇಳಿದೆ. ಅವರು ತಟ್ಟೆ ತೊಳೆದಿಟ್ಟರು. ಆಮೇಲೆ, "ಇದನ್ನ ನಾನು ಕೇಳ್ಬೇಕಿತ್ತು. ಮೊದಲ್ನೇ ವರ್ಷಾನೇ ಕೇಳ್ಬೇಕಿತ್ತು. ಡಬ್ಬಿ ಫ್ರಿಜ್ಜಿಗೆ ಇಟ್ಟು ಸುಮ್ನಾಗ್ತಿದ್ದೆ" ಎಂದರು. ಅವರ ಬಾಯಿಂದ ಆ ಮಾತು ಬಂದದ್ದೇ ನನಗೆ ದೊಡ್ಡದು. ಆದರೂ ಹಿಟ್ಟು ಕಲಸಲು ಮನಸ್ಸು ಬರಲಿಲ್ಲ. ಕೆಳಗೆ ಅತ್ತೆ ಮತ್ತೆ ಗಂಜಿಗೆ ಇಳಿದಿದ್ದರು ಎಂದು ಗೊತ್ತಿತ್ತು. ಅದೂ ಚುಚ್ಚುತ್ತಿತ್ತು.

ಏಳನೇ ದಿನ ಮಧ್ಯಾಹ್ನ ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದು ಕೇಳಿಸಿತು. ಬಾಗಿಲು ತೆಗೆದು ನೋಡಿದರೆ ಅತ್ತೆ. ಅವರ ಮಂಡಿಗೆ ಎರಡು ಮಹಡಿ ಹತ್ತುವುದು ಹುಡುಗಾಟವಲ್ಲ. ಮಗಳಿಗೆ ಡೆಂಗಿ ಬಂದಿದ್ದಾಗ ಬಿಟ್ಟರೆ ಮೇಲೆ ಬಂದವರೇ ಅಲ್ಲ. ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು. ಇನ್ನೊಂದು ಕೈಯಲ್ಲಿ ಒಂದು ಪಾತ್ರೆ, ಅದರ ತುಂಬ ಹಿತಕಿದ ಅವರೆಬೇಳೆ. ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಿ ಅಷ್ಟು ಮಾಡಲು ಇಡೀ ಬೆಳಗು ಹಿಡಿದಿರಬೇಕು.

"ಇದನ್ನ ಇಟ್ಕೋ" ಎಂದರು. ಒಳಗೆ ಬಂದು ಅಡುಗೆಮನೆಯ ಬಾಗಿಲ ಬಳಿ ಕುರ್ಚಿ ಎಳೆದುಕೊಂಡು ಕೂತರು. ಉಸಿರು ಹದಕ್ಕೆ ಬಂದ ಮೇಲೆ, "ಇವತ್ತು ಮಾಡಲ್ವಾ?" ಎಂದರು.

"ಏನನ್ನ?"

"ಅದೇ, ಬನ್ನು."

ನಾನು ಹಾಲು ಬಿಸಿಗಿಟ್ಟೆ. ಸಕ್ಕರೆ, ಈಸ್ಟ್, ನೊರೆ, ಮೈದಾ. ಅವರು ನೋಡುತ್ತಿದ್ದಾರೆ ಎಂಬ ಮುಜುಗರಕ್ಕೋ ಏನೋ, ಹಾಲು ಹೆಚ್ಚಾಗಿ ಹಿಟ್ಟು ಎಂದಿಗಿಂತ ಅಂಟತೊಡಗಿತು. ಮೈದಾ ಡಬ್ಬಿಗೆ ಕೈ ಹಾಕಿದೆ.

"ಹಿಟ್ಟು ಹಾಕ್ಬೇಡ" ಎಂದರು ಅತ್ತೆ.

"ಅಂಟ್ಕೊಳ್ತಿದೆ."

"ಅಂಟ್ಕೊಳ್ಳಿ ಬಿಡು. ಒಬ್ಬಟ್ಟಿನ ಕಣಕ ಅಂಟ್ದೇ ಇರುತ್ತಾ? ನಾದ್ತಾ ನಾದ್ತಾ ಅದೇ ಕೈ ಬಿಡುತ್ತೆ. ನೀನು ಹೆದ್ರಿಕೊಂಡ್ ಹಿಟ್ಟು ಹಾಕಿದ್ರೆ ಗಟ್ಟಿ ಆಗೋಗುತ್ತೆ."

ಎದ್ದು ಬಂದರು. ನನ್ನ ಸಿಂಕಿನಲ್ಲಿ ಕೈ ತೊಳೆದರು, ಬಳೆಗಳನ್ನು ಮೊಣಕೈಯತ್ತ ಸರಿಸಿದರು, "ಸರ್ಕೋ" ಎಂದರು. ನಾನು ಸರಿದೆ. ಆ ಕೈಗಳು ನಲವತ್ತು ವರ್ಷ ಮಣ್ಣು ಕೆದಕಿದ ಕೈಗಳು. ಹಿಟ್ಟನ್ನು ಎತ್ತಿ ಪಾತ್ರೆಗೆ ಹೊಡೆದರು, ಅಂಗೈಯ ಬುಡದಿಂದ ಮುಂದಕ್ಕೆ ತಳ್ಳಿದರು, ಮಡಿಸಿದರು, ಮತ್ತೆ ಹೊಡೆದರು. ಮೊದಮೊದಲು ಬೆರಳುಗಳ ಸಂದಿಯಿಂದ ಜೋಲುತ್ತಿದ್ದ ಹಿಟ್ಟು ಹತ್ತು ನಿಮಿಷಕ್ಕೆ ತಾನಾಗಿ ಒಂದಾಯಿತು. ಹದಿನೈದಕ್ಕೆ ಮಗುವಿನ ಕೆನ್ನೆಯ ಹಾಗಾಯಿತು. ನಾನು ಅಷ್ಟೊಂದು ವಿಡಿಯೊ ನೋಡಿ ಕಲಿಯದಿದ್ದನ್ನು ಅವರು ಒಂದು ಮಾತಿನಲ್ಲಿ ಹೇಳಿಕೊಟ್ಟಿದ್ದರು.

"ಈಗ?"

"ಒಂದ್ ಗಂಟೆ ಕಾಯ್ಬೇಕು ಅತ್ತೆ."

"ಕಾಯೋಣ."

ಪಾತ್ರೆಯನ್ನು ಟೆರೇಸಿನ ಬಿಸಿಲಿಗೆ ಇಟ್ಟು ನಾವಿಬ್ಬರೂ ಅಲ್ಲೇ ಚಾಪೆ ಹಾಸಿ ಕೂತೆವು. ಒಂದು ಗಂಟೆ ನಾವಿಬ್ಬರೇ ಕೂತದ್ದು ಅದೇ ಮೊದಲು. ಸುತ್ತ ಮನೆಗಳ ಮೇಲೆ ಮನೆ, ಟ್ಯಾಂಕುಗಳು, ಒಣಗಲು ಹಾಕಿದ ಬಟ್ಟೆ. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದು, "ನಿನ್ ಗಂಡ ಎಲ್ಲಿ ಹುಟ್ಟಿದ್ದು ಗೊತ್ತಾ?" ಎಂದರು.

"ಆಸ್ಪತ್ರೇಲಿ ಅಲ್ವಾ?"

"ಇಲ್ಲೇ. ಈ ಮನೆ ಕೆಳಗೇ. ಇಲ್ಲಿ ಪಂಪ್‌ಸೆಟ್ ಮನೆ ಇತ್ತು."

ಆಗಿನ್ನೂ ದಿನ ತುಂಬಿರಲಿಲ್ಲವಂತೆ. ಬೆಳಗಿನ ಹೊತ್ತು ಹೂ ಬಿಡಿಸುವಾಗ ನೋವು ಶುರುವಾಯಿತು. ಗಂಡಸರೆಲ್ಲ ಹೂವಿನ ಮೂಟೆ ಹೊತ್ತು ಮಾರ್ಕೆಟ್ಟಿಗೆ ಹೋಗಿದ್ದರು. ತೋಟದಲ್ಲಿದ್ದವರು ಕೂಲಿಗೆ ಬಂದ ನಾಲ್ಕು ಹೆಂಗಸರು. ಅವರಲ್ಲಿ ಹಿರಿಯಳೊಬ್ಬಳು ಅತ್ತೆಯನ್ನು ಹಿಡಿದುಕೊಂಡು ಪಂಪ್‌ಸೆಟ್ ಮನೆಯೊಳಗೆ ಮಲಗಿಸಿ, ತನ್ನ ಸೀರೆಯ ಸೆರಗನ್ನೇ ಹರಿದು ಹೆರಿಗೆ ಮಾಡಿಸಿದಳು. ಮಗು ಅಳಲಿಲ್ಲ. ಅವಳು ಬಾಯೊಳಗೆ ಬೆರಳು ಹಾಕಿ ಕಫ ತೆಗೆದು, ತಲೆಕೆಳಗು ಹಿಡಿದು ಬೆನ್ನಿಗೆ ತಟ್ಟಿದಳು. ಆಗ ಅತ್ತಿತು.

"ಅವನ್ನ ಮೊದ್ಲು ಎತ್ಕೊಂಡಿದ್ದು ಅವಳ ಕೈ. ನಂದಲ್ಲ" ಎಂದರು ಅತ್ತೆ.

ಅವಳು ಯಾರೆಂದು ನಾನು ಕೇಳುವ ಮೊದಲೇ ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

"ನಮ್ಮವರಾ ಅತ್ತೆ?"

"ಹೂಂ, ನಿಮ್ಮವ್ರೇ."

ನಮ್ಮಿಬ್ಬರ ನಡುವೆ ಆ ಮಾತು ಬಾಯಿಬಿಟ್ಟು ಆಡಿದ್ದೂ ಅದೇ ಮೊದಲು.

"ಹನ್ನೊಂದನೇ ದಿನ ನಾಮಕರಣಕ್ಕೆ ಬಂದಿದ್ಲು. ನಮ್ಮತ್ತೆ ಹಿತ್ತಲಲ್ಲಿ, ತಿಪ್ಪೆ ಪಕ್ಕ ಎಲೆ ಹಾಕಿ ಬಡಿಸಿದ್ರು. ನಾನ್ ಕಿಟಕೀಲಿ ನೋಡ್ತಿದ್ದೆ. ಊಟ ಆದ್ಮೇಲೆ ಬಾಗ್ಲಾಚೆ ನಿಂತ್ಕೊಂಡು, 'ಮಗೀನ ಒಂದ್ಸಲ ಎತ್ಕೊಳ್ಲಾ ತಾಯಿ' ಅಂದ್ಲು. ನಾನು ಬಾಗ್ಲಲ್ಲಿ ನಿಂತ್ಕೊಂಡು ತೋರಿಸ್ದೆ. ಕೈಗೆ ಕೊಡ್ಲಿಲ್ಲ." ಅತ್ತೆ ಸೀರೆಯ ನಿರಿಗೆಯನ್ನು ಎರಡೆರಡು ಸಲ ಸರಿಮಾಡಿಕೊಂಡರು. "ಕೊಡ್ಬೇಕು ಅನ್ನಿಸ್ತು. ಕೊಡ್ಲಿಲ್ಲ."

ಸಮಾಧಾನದ ಮಾತು ಹೇಳಲು ಮನಸ್ಸು ಒಪ್ಪಲಿಲ್ಲ, ಚುಚ್ಚುವ ಮಾತಾಡಲೂ ಒಪ್ಪಲಿಲ್ಲ. ಆ ಹೆಂಗಸಿನ ಜಾಗದಲ್ಲಿ ನನ್ನ ಅಜ್ಜಿಯ ಮುಖ ಕಾಣಿಸುತ್ತಿತ್ತು. ಅತ್ತೆಯ ಕಣ್ಣು ಒದ್ದೆಯಾಗಿರಲಿಲ್ಲ. ಅವರು ಕ್ಷಮಿಸು ಎಂದೂ ಅನ್ನಲಿಲ್ಲ. ಆದರೆ ಎರಡು ಮಹಡಿ ಹತ್ತಿ ಬಂದು ಹೇಳಲು ಅವರಿಗಿದ್ದದ್ದು ಇದೇ ಎಂದು ನನಗೆ ಅರ್ಥವಾಯಿತು. ನಾನು ಅವರ ಪಕ್ಕದಲ್ಲೇ ಕೂತಿದ್ದೆ. ಬಿಸಿಲು ಬೆನ್ನಿಗೆ ಹಿತವಾಗಿತ್ತು.

ಬಟ್ಟೆ ಸರಿಸಿ ನೋಡಿದಾಗ ಹಿಟ್ಟು ಪಾತ್ರೆಯ ಅಂಚಿಗೆ ಬಂದಿತ್ತು. "ಅಯ್ಯೋ ಶಿವನೇ!" ಎಂದು ಅತ್ತೆ ಅದರ ಹೊಟ್ಟೆಗೆ ಬೆರಳು ಚುಚ್ಚಿದರು. ಒಳಗೆ ಬಂದು ನಿಂಬೆಹಣ್ಣಿನಷ್ಟು ಗಾತ್ರಕ್ಕೆ ಉಂಡೆ ಕಟ್ಟಿದೆವು. ನನ್ನವು ಒಂದೊಂದು ಒಂದೊಂದು ರೂಪ. ಮುದ್ದೆ ಕಟ್ಟಿದ ಕೈಯಲ್ಲವೇ, ಅವರವು ಮಾತ್ರ ನುಣ್ಣಗೆ, ಗುಂಡಗೆ. ತಟ್ಟೆಯಲ್ಲಿ ಜೋಡಿಸಿ, ಮತ್ತೆ ಅರ್ಧ ಗಂಟೆ ಬಿಟ್ಟು, ಮೇಲೆ ಹಾಲು ಸವರಿ ಓವನ್ನಿಗೆ ಇಟ್ಟೆ.

ಮಗಳು ಶಾಲೆಯಿಂದ ಬಂದಾಗ ಅಜ್ಜಿ ಓವನ್ನಿನ ಗಾಜಿಗೆ ಮುಖ ಕೊಟ್ಟು ಬಗ್ಗಿ ನೋಡುತ್ತಿದ್ದರು. ಅವಳು ಶೂ ಬಿಚ್ಚದೆ ಬಾಗಿಲಲ್ಲೇ ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು.

"ಅಜ್ಜಿ, ನಿಮಗೆ ಗೊತ್ತಾಗೋಯ್ತಾ?" ಎಂದು ಪಿಸುಗುಟ್ಟಿದಳು.

"ಬಾ ಇಲ್ಲಿ ಕಳ್ಳಿ" ಎಂದು ಅತ್ತೆ ಅವಳ ಕಿವಿ ಹಿಡಿದರು. "ನಿಮ್ಮಮ್ಮ ಮಾಡಿದ್ದನ್ನ ನಿಮ್ಮಮ್ಮ ಮಾಡಿದ್ದು ಅಂತಾನೇ ಹೇಳ್ಬೇಕು. ತಿಳೀತಾ?"

"ನಿಮಗೂ ತಿಳೀಬೇಕಲ್ಲ ಅಜ್ಜಿ" ಎಂದಳು ನನ್ನ ಮಗಳು, ಕಿವಿ ಬಿಡಿಸಿಕೊಳ್ಳುತ್ತಾ. ಅತ್ತೆ ಒಂದು ಕ್ಷಣ ಅವಳನ್ನೇ ನೋಡಿದರು. "ಹೂಂ. ನಂಗೂ ತಿಳೀಬೇಕು" ಎಂದರು.

ಬನ್ನು ಇಳಿಸಿದ ಮೇಲೆ ಆರುವ ತನಕ ಕಾಯದೆ ಒಂದನ್ನು ಬಿಡಿಸಿಕೊಂಡರು. ಹಬೆ ಎದ್ದಿತು. ಕಾಫಿಗೆ ಅದ್ದದೆ ಹಾಗೇ ಒಸಡಿನಲ್ಲಿ ಬಹಳ ಹೊತ್ತು ಹೊರಳಿಸಿ ನುಂಗಿದರು.

"ಉಪ್ಪು ಸಾಲ್ದು" ಎಂದರು. ಇನ್ನೊಂದನ್ನು ತೆಗೆದುಕೊಂಡರು. "ದಿನಾ ಮಾಡ್ಬೇಡ, ಮೈದಾ ಹೊಟ್ಟೆ ಕಟ್ಟುತ್ತೆ. ವಾರಕ್ಕೆರಡು ದಿನ ಸಾಕು. ರಾತ್ರಿಗೆ ಆ ಅವರೆಬೇಳೆ ಸಾರು ಮಾಡು. ಖಾರ ಕಮ್ಮಿ ಹಾಕಿ ನಂಗೊಂದ್ ಬಟ್ಲು ಕಳ್ಸು."

ಆ ರಾತ್ರಿ ಬಟ್ಟಲು ತೆಗೆದುಕೊಂಡು ಹೋದದ್ದು ನನ್ನ ಗಂಡ. ಖಾಲಿ ಬಟ್ಟಲು ಹಿಡಿದು ಮೇಲೆ ಬಂದವರು ಅದನ್ನು ನನಗೆ ತೋರಿಸಿ, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಮುಖ ತೊಳೆದರು.

ಎಲ್ಲವೂ ಅಂದೇ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ತಮ್ಮ ಅಕ್ಕತಂಗಿಯರು ಬಂದಾಗ ಅತ್ತೆ ಇನ್ನೂ ಸ್ವಲ್ಪ ಬಿಗಿಯಾಗುತ್ತಾರೆ. ನನಗೂ ಕೆಲವು ದಿನ ಹಳೆಯದೆಲ್ಲ ತಲೆಗೆ ಬಂದು, ಸಾರಿನ ಬಟ್ಟಲು ಕಳಿಸುವಾಗ ಕೈ ಹಿಂಜರಿಯುತ್ತದೆ. ಆದರೂ ವಾರಕ್ಕೆರಡು ಮಧ್ಯಾಹ್ನ ನಾದುವ ಕೆಲಸ ಅವರದು, ಅಳೆಯುವ ಕೆಲಸ ನನ್ನದು. ಅವರ ಮಂಡಿಗೆ ಕಷ್ಟವೆಂದು ಪಾತ್ರೆಯನ್ನು ನಾನೇ ಕೆಳಗೆ ತೆಗೆದುಕೊಂಡು ಹೋಗುತ್ತೇನೆ. ನಾನು ಗ್ರಾಮಿನ ಲೆಕ್ಕ ಹೇಳಿದರೆ ಅವರಿಗೆ ರೇಗುತ್ತದೆ.

ಜನವರಿಯ ಒಂದು ಭಾನುವಾರ ನನ್ನ ಅಮ್ಮ ಬಂದರು. ನಾನು ಮೇಲಿನಿಂದ ನೋಡುತ್ತಿದ್ದೆ. ಎಂದಿನಂತೆ ಗೇಟು ದಾಟಿ, ವರಾಂಡದಲ್ಲಿದ್ದ ಅತ್ತೆಗೆ ಕೈಮುಗಿದು, ಮೆಟ್ಟಿಲ ಕಡೆ ತಿರುಗಿದರು.

"ಅಲ್ಲೆಲ್ಲಿಗೆ ಹೋಗ್ತೀರಾ?" ಎಂದರು ಅತ್ತೆ. "ಒಳಗ್ ಬನ್ನಿ."

ಅಮ್ಮ ಮೊದಲು ತಮ್ಮನ್ನಲ್ಲವೆಂದುಕೊಂಡು ಹಿಂದೆ ತಿರುಗಿ ನೋಡಿದರು. ನಾನು ಓಡಿ ಕೆಳಗಿಳಿಯುವಷ್ಟರಲ್ಲಿ ಹಜಾರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದರು, ಕೂರಲೋ ಬೇಡವೋ ಎನ್ನುವಂತೆ. ಅತ್ತೆ ತಾವೇ ಕುರ್ಚಿ ಎಳೆದು ಹಾಕಿದರು. ಬೆಳಗ್ಗೆ ಮಾಡಿದ್ದ ಬನ್ನನ್ನು ತಮ್ಮ ಮನೆಯ ತಟ್ಟೆಯಲ್ಲಿಟ್ಟು, ಬೆಣ್ಣೆ ಹಚ್ಚಿ, ಅಮ್ಮನ ಕೈಗೆ ಕೊಟ್ಟರು. "ತಿನ್ನಿ. ಹಿಟ್ಟು ನಾನೇ ನಾದಿದ್ದು" ಎಂದರು. ಅಮ್ಮ ತುಂಬಾ ನಿಧಾನವಾಗಿ ತಿಂದರು. ಆಮೇಲೆ ಇಬ್ಬರೂ ಮಂಡಿನೋವಿನ ಎಣ್ಣೆಯ ಬಗ್ಗೆ ಮಾತು ಶುರುಮಾಡಿದವರು ಸಂಜೆಯವರೆಗೂ ನಿಲ್ಲಿಸಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ಎಷ್ಟೋ ಹೆರಿಗೆಗಳಿಗೆ ಕೈ ಹಿಡಿದು ನಿಂತವರು. ಆ ಕಥೆಗಳನ್ನು ಅತ್ತೆ ಕೆದಕಿ ಕೆದಕಿ ಕೇಳಿದರು.

ಸಂಜೆ ಅಮ್ಮನನ್ನು ಬಸ್ ಸ್ಟಾಪಿಗೆ ಬಿಡಲು ಹೋದೆ. ಉತ್ತರಹಳ್ಳಿ ರಸ್ತೆಯ ಗಲಾಟೆಯಲ್ಲಿ ಅಮ್ಮ ನನ್ನ ಕೈ ಹಿಡಿದು ಆಚೆ ದಾಟಿದರು. ಆಮೇಲೆ, "ನಿಮ್ಮತ್ತೆ ಒಳ್ಳೇವ್ರು ಕಣೆ" ಎಂದರು.

"ಒಳ್ಳೇವ್ರಾಗೋಕೆ ಹದಿನಾಲ್ಕು ವರ್ಷ ಬೇಕಾಯ್ತಾ ಅಮ್ಮ?"

"ನಂಗೊತ್ತಿಲ್ವಾ?" ಎಂದರು ಅಮ್ಮ. "ನಾನು ಮೆಟ್ಲು ಹತ್ತಿ ಹೋಗ್ತಿದ್ದಾಗೆಲ್ಲ ನಂಗೆ ಹೆಂಗಿರ್ತಿತ್ತು ಅಂತ ನಿಂಗೇನ್ ಗೊತ್ತು. ಆದ್ರೂ ಇವತ್ತು ಕರೆದ್ರಲ್ಲ. ಅವ್ರೇ ಬಾಯ್ಬಿಟ್ಟು ಕರೆದ್ರಲ್ಲ."

ಬಸ್ಸು ಬಂತು. ಅಮ್ಮನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಕೂತು ಸೆರಗು ಸರಿಮಾಡಿಕೊಂಡು, ಮುಂದಿನ ತಿಂಗಳು ಬರುವಾಗ ಅತ್ತೆಗೆ ಆ ಎಣ್ಣೆ ತರುತ್ತೇನೆ, ಮರೆತರೆ ಫೋನ್ ಮಾಡಿ ಜ್ಞಾಪಿಸು ಎಂದು ಕಿಟಕಿಯಿಂದ ಕೂಗಿ ಹೇಳಿದರು.